ದಾರಿ ತೋರುವ ಪೆಟ್ಟಿಗೆ

ಮಕ್ಕಳೇ, ರಾಮನಗರದಿಂದ ಕೈಲಾಂಚಕ್ಕೆ ಹೊರಟಿದ್ದೆವು. ಕತ್ತಲಾಗುವ ಹೊತ್ತು. ಕಾರಿನ ಜಿಪಿಎಸ್ ನಮ್ಮನ್ನು ಹಿಪ್ಪುನೇರಳೆ ತೋಟದ ಗಾಡಿ ಜಾಡಿಗೆ ಇಳಿಸಿಬಿಟ್ಟಿತು!

“ಉಪಗ್ರಹ ಸುಳ್ಳು ಹೇಳ್ತಾ ತಾತ?” ಎಂದಳು ಮೊಮ್ಮಗಳು.

ಇಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ 4ರ ಸಂಕೇತ ಹಿಡಿದು, ನಾವಿರುವ ಜಾಗವನ್ನು ಪೆಟ್ಟಿಗೆ ಲೆಕ್ಕ ಹಾಕುತ್ತದೆ. ದಾರಿ ಆರಿಸುವುದು ಅದರೊಳಗಿನ ನಕ್ಷೆ ನೋಡಿ. ನಕ್ಷೆ ಹಳೆಯದಾದರೆ ದಾರಿಯೂ ತಪ್ಪೀತು.

ಕೊಳ್ಳುವಾಗ ಕೇಳಿ: ನಕ್ಷೆಯನ್ನು ಹೊಸದು ಮಾಡಿಕೊಳ್ಳಬಹುದೇ? ಸಣ್ಣ ಹಳ್ಳಿಗಳೂ ಇವೆಯೇ? ಮೊಬೈಲ್ ಸಿಗ್ನಲ್ ಇಲ್ಲದೆಯೂ ನಡೆಯುತ್ತದೆಯೇ? ಊರಿನ ಹೆಸರನ್ನು ಹೊರಡುವ ಮೊದಲೇ ತುಂಬಿಸಿ. ಓಡಿಸುವವರ ಕಣ್ಣಿಗೆ ಅಡ್ಡವಾಗದಂತೆ ಕೂರಿಸಿ.

ಅಂದು ನಮ್ಮನ್ನು ಟಾರು ರಸ್ತೆಗೆ ಹತ್ತಿಸಿದ್ದು ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ. ಪೆಟ್ಟಿಗೆ ಇರಲಿ, ನಿಲ್ಲಿಸಿ ಕೇಳುವುದನ್ನು ಮರೆಯಬೇಡಿ.