ತೆರಿಗೆ ಇಲ್ಲದ ಸ್ಕಾಲರ್‌ಶಿಪ್, ದಂಡ ತಪ್ಪದ ಪಾಸ್‌ಬುಕ್



ಓದಿಗೆಂದು ಕೊಡುವ ಸ್ಕಾಲರ್‌ಶಿಪ್‌ಗೆ ಆದಾಯ ತೆರಿಗೆ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(16) ಇದನ್ನ ಸ್ಪಷ್ಟವಾಗಿ ಹೇಳಿತ್ತು. ಹಾಗಾದ್ರೆ ನಮ್ಮ ಹಾಸ್ಟೆಲ್ ಹುಡುಗಿಯೊಬ್ಬಳ ಖಾತೆಯಿಂದ ಸರ್ಕಾರಕ್ಕೆ ಹೋದ 81 ರೂಪಾಯಿ ಯಾವ ಲೆಕ್ಕದ್ದು?

ಆ ಪಾಸ್‌ಬುಕ್ ನಾನೇ ನೋಡಿದ್ದೀನಿ. ಪಿಯುಸಿ ಸೇರುವಾಗ ಸ್ಕಾಲರ್‌ಶಿಪ್‌ಗೆ ಖಾತೆ ಬೇಕು ಅಂತ ಅಪ್ಪ ಮಗಳು ಕೂಲಿ ಬಿಟ್ಟು ಬ್ಯಾಂಕಿಗೆ ಹೋಗಿದ್ದಾರೆ. ಅಲ್ಲಿಯವರು ಒಂದು ಮಾತೂ ಹೇಳದೆ ಮಾಮೂಲಿ ಉಳಿತಾಯ ಖಾತೆ ತೆರೆದು ಕಳಿಸಿದ್ದಾರೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಮೂರು ಸಲ ದಂಡ ಬಿದ್ದಿದೆ. ಸಲಕ್ಕೆ 150, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 27, ಒಟ್ಟು 177. ಮೂರು ಸಲಕ್ಕೆ 531. ಇದರಲ್ಲಿ 81 ರೂಪಾಯಿ ಶುದ್ಧ ತೆರಿಗೆ, ಅರ್ಧ ದಿಲ್ಲಿಗೆ, ಅರ್ಧ ವಿಧಾನಸೌಧಕ್ಕೆ. ಕೈಯಲ್ಲಿ ದುಡ್ಡಿಲ್ಲ ಅನ್ನೋದಕ್ಕೆ ದಂಡ, ಆ ದಂಡಕ್ಕೆ ತೆರಿಗೆ! ಆದಾಯ ತೆರಿಗೆಯಲ್ಲಿ ಬಿಟ್ಟಂಗೆ ಮಾಡಿ ಜಿಎಸ್‌ಟಿಯಲ್ಲಿ ಹಿಡಿದ್ರು.

531 ಒಂದು ದುಡ್ಡಾ ಅನ್ನೋರು ಈ ಲೆಕ್ಕ ನೋಡಿ. 2019-20ರಿಂದ 2023-24ರವರೆಗೆ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸ್ ಹೆಸರಲ್ಲಿ ವಸೂಲಿ ಮಾಡಿದ್ದು ಸುಮಾರು 8,500 ಕೋಟಿ. ಇದು ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಉತ್ತರ. ಸ್ಟೇಟ್ ಬ್ಯಾಂಕ್ 2020ರಲ್ಲೇ ಈ ದಂಡ ನಿಲ್ಲಿಸಿದ ಮೇಲೂ ಇಷ್ಟು. ದುಡ್ಡಿದ್ದವನು ಈ ದಂಡ ಕಟ್ಟಲ್ಲ. ಇದು ಇಲ್ಲದವನಿಂದಲೇ ಎತ್ತಿದ ಕಂದಾಯ.

ಇನ್ನು ಕಾಲೇಜುಗಳಲ್ಲಿ "ಉಳಿತಾಯದ ಅರಿವು" ಅಂತ ಉಪನ್ಯಾಸ ಕೊಡ್ತಾರಲ್ಲ, ಅದರ ಬಗ್ಗೆ. ತೆರಿಗೆ ಇಲ್ಲದ ಉಳಿತಾಯ ಅಂತ ಪಿಪಿಎಫ್ ತೋರಿಸ್ತಾರೆ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು, ಬಡ್ಡಿ 7.1 ಪರ್ಸೆಂಟ್, ಬಡ್ಡಿಗೆ ತೆರಿಗೆ ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ಉಳಿತಾಯ ಖಾತೆಯ ಬಡ್ಡಿಗೂ 10,000ದವರೆಗೆ ವಿನಾಯಿತಿ ಇದೆ. ಎರಡೂವರೆ ಪರ್ಸೆಂಟ್ ಬಡ್ಡಿಯಲ್ಲಿ ಹತ್ತು ಸಾವಿರ ಬರಬೇಕಾದ್ರೆ ಖಾತೆಯಲ್ಲಿ ವರ್ಷಪೂರ್ತಿ 4 ಲಕ್ಷ ಮಲಗಿರಬೇಕು. ನಮ್ಮ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಸಿಗಬೇಕಾದ್ರೆ ಅಪ್ಪ ಅಮ್ಮನ ಇಡೀ ವರ್ಷದ ಆದಾಯ ಎರಡೂವರೆ ಲಕ್ಷ ದಾಟಬಾರದು! ಈ ವಿನಾಯಿತಿಗಳನ್ನ ಯಾರ ಅಳತೆಗೆ ಹೊಲಿದಿದ್ದಾರೆ ಅಂತ ಬಿಡಿಸಿ ಹೇಳಬೇಕಾ?

(ಸುಕನ್ಯಾ ಸಮೃದ್ಧಿ ಬೇಡ ಅಂತಿಲ್ಲ. ಮನೆಯಲ್ಲಿ ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ರೆ ಅಂಚೆ ಕಚೇರಿಯಲ್ಲಿ ಮಾಡಿಸಿ, ವರ್ಷಕ್ಕೆ 250 ರೂಪಾಯಿ ಕಟ್ಟಿದ್ರೂ ನಡೆಯುತ್ತೆ. ಕೈಲಾದವರು ಮಾಡಿ.)

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಸ್ಕಾಲರ್‌ಶಿಪ್ ಮೇಲೆ. ಹತ್ತು ವರ್ಷಕ್ಕೆ, 1923ರಲ್ಲಿ, ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬರೆದ್ರು. ರೂಪಾಯಿ ಲೆಕ್ಕ ಕೇಳೋದು ನಮಗೆ ಹೊಸದಲ್ಲ.

ಸಿಟ್ಟು ಬರೋದು ಯಾಕಂದ್ರೆ ದಂಡ ಇಲ್ಲದ ಖಾತೆ ಈಗಾಗಲೇ ಇದೆ. ರಿಸರ್ವ್ ಬ್ಯಾಂಕ್ 2012ರಲ್ಲೇ ಸುತ್ತೋಲೆ ಹೊರಡಿಸಿ ಎಲ್ಲ ಬ್ಯಾಂಕಿಗೂ ಹೇಳಿದೆ: ಯಾರು ಕೇಳಿದ್ರೂ ಮೂಲ ಉಳಿತಾಯ ಖಾತೆ ಕೊಡಬೇಕು, ಮಿನಿಮಮ್ ಬ್ಯಾಲೆನ್ಸ್ ಕೇಳೋ ಹಾಗಿಲ್ಲ. ಝೀರೋ ಬ್ಯಾಲೆನ್ಸ್ ಖಾತೆ ಅಂತ ಜನ ಕರೆಯೋದು ಇದನ್ನೇ. ಎರಡು ವರ್ಷ ವಹಿವಾಟು ಇಲ್ಲದಿದ್ರೂ ಸ್ಕಾಲರ್‌ಶಿಪ್‌ಗೆಂದು ತೆರೆದ ಝೀರೋ ಬ್ಯಾಲೆನ್ಸ್ ಖಾತೆಯನ್ನ ನಿಷ್ಕ್ರಿಯ ಅಂತ ಮುಚ್ಚಿಡಬಾರದು ಅನ್ನೋ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಾನು ಗುಮಾಸ್ತ, ಸುತ್ತೋಲೆ ಹೇಗೆ ಫೈಲಿನಲ್ಲಿ ಸಾಯುತ್ತೆ ಅಂತ ಗೊತ್ತು. ಕೌಂಟರ್‌ನಲ್ಲಿ ಕೇಳಿದವರಿಗೆ ಮಾತ್ರ ಅದು ಜೀವಂತ. ಕೇಳೋಕೆ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ, ಕೇಳಿದ್ರೂ ಆ ಕಡೆಯಿಂದ ಬರೋ ನೋಟ ಎಂಥದ್ದು ಅಂತ ನಮಗೆಲ್ಲ ಗೊತ್ತಿದೆ.

ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಎಲ್ಲ ಉಳಿತಾಯ ಖಾತೆಗೂ ಈ ದಂಡ ತೆಗೆದುಹಾಕಿತು. ಬ್ಯಾಂಕೇನೂ ಮುಳುಗಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕ್ ದೊಡ್ಡ ನಗರಗಳ ಹೊಸ ಗ್ರಾಹಕರಿಗೆ 50,000 ಅಂತ ಹೇಳಿ, ಜನ ಉಗಿದ ಮೇಲೆ 15,000ಕ್ಕೆ ಇಳಿಸಿತು. ಕೂಗಿದ್ರೆ ಇಳಿಯುತ್ತೆ ಅಂತಾಯ್ತಲ್ಲ. ಆದ್ರೆ ಆಗ ಕೂಗಿದ್ದು ನಗರದ ಮಧ್ಯಮ ವರ್ಗ. ನಮ್ಮ ಹಾಸ್ಟೆಲ್‌ಗಳ ಪರವಾಗಿ ಯಾರು ಕೂಗಬೇಕು?

ಸಮಾಜ ಕಲ್ಯಾಣ ಇಲಾಖೆಗೆ ನನ್ನ ಬೇಡಿಕೆ ಇಷ್ಟೇ. ಸ್ಕಾಲರ್‌ಶಿಪ್ ಖಾತೆಗಳೆಲ್ಲ ಝೀರೋ ಬ್ಯಾಲೆನ್ಸ್ ಖಾತೆಗಳೇ ಆಗಿರಬೇಕು ಅಂತ ಬ್ಯಾಂಕುಗಳಿಗೆ ಬರೀರಿ. ಇಲ್ಲಿವರೆಗೆ ಹಿಡಿದ ದಂಡ, ಜಿಎಸ್‌ಟಿ ಸಮೇತ ವಾಪಸ್ ಹಾಕಿಸಿ.

ಅಲ್ಲಿವರೆಗೆ ನಮ್ಮ ಹುಡುಗರು ಮಾಡಬೇಕಾದ್ದು: ಪಾಸ್‌ಬುಕ್ ಎಂಟ್ರಿ ಮಾಡಿಸಿ. ದಂಡ ಕಂಡ್ರೆ "ನನ್ನ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಿ, ಕಡಿತ ಮಾಡಿದ ಹಣ ವಾಪಸ್ ಕೊಡಿ" ಅಂತ ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಕೇಳಬೇಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಫೀಸಿಲ್ಲ. ದಂಡ ಬಿದ್ದ ಪುಟದ ಫೋಟೋ, ಹೆಸರು ಮತ್ತು ಖಾತೆ ನಂಬರ್ ಮುಚ್ಚಿ, ನನಗೆ ಇನ್‌ಬಾಕ್ಸ್ ಮಾಡಿ. ನೂರು ಪುಟ ಸೇರಿದ ದಿನ ಎಲ್ಲರೂ ಸೇರಿ ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ.