ಹಣೆಬರಹದ ಪಂಡಿತರಿಗೆ ನಮ್ಮ ಉತ್ತರ

ಹೋದ ತಿಂಗಳು ಸಮೀರವಾಡಿಯಲ್ಲಿ ಒಂದು ಉಪನ್ಯಾಸ ಕೇಳಿದೆವು. ಪಾಳಿ ಮುಗಿಸಿ ಬಂದ ಕಾಮಗಾರರು, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದ ಕಿರಾಣಿ ವ್ಯಾಪಾರಿಗಳು, ಕಬ್ಬಿನ ಗಾಡಿಯ ಹುಡುಗರು, ಹೀಗೆ ಒಂದು ನೂರು ಜನ ಸೇರಿದ್ದರು. ಪಂಡಿತರು ಓದಿಕೊಂಡವರು, ಅದರಲ್ಲಿ ಸಂಶಯವಿಲ್ಲ. ಗ್ರೀಸ್ ದೇಶದ ಈಡಿಪಸ್ ದೊರೆಯ ಕಥೆಯನ್ನು ಸೊಗಸಾಗಿ ಹೇಳಿದರು. ತಂದೆಯನ್ನು ಕೊಲ್ಲುವನು, ತಾಯಿಯನ್ನು ಮದುವೆಯಾಗುವನು ಎಂದು ದೈವವಾಣಿಯಾಯಿತು. ತಪ್ಪಿಸಿಕೊಳ್ಳಲು ಅವನು ಓಡಿದನು. ಓಡಿದ ದಾರಿಯಲ್ಲಿಯೇ ಅದು ನಡೆದುಹೋಯಿತು. ಇಷ್ಟು ಹೇಳಿ, ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡು ತೀರ್ಪು ಕೊಟ್ಟರು: "ಅಂಥ ಬುದ್ಧಿವಂತ ಗ್ರೀಕರೇ ವಿಧಿಯ ಮುಂದೆ ತಲೆ ಬಾಗಿದರು. ನಮ್ಮ ಮುಧೋಳದ ರನ್ನನ ದುರ್ಯೋಧನನೂ ವಿಧಿಯಿಂದಲೇ ಬಿದ್ದನು. ಸಂಪು, ಮೋರ್ಚಾ ಎಂದು ಕುಣಿಯುವವರು ಇದನ್ನು ತಿಳಿಯಬೇಕು."

ಜನ ಚಪ್ಪಾಳೆ ತಟ್ಟಿದರು. ನಮ್ಮ ಮಗ್ಗುಲಲ್ಲಿ ಕುಳಿತ ಗೆಳೆಯನೂ ತಟ್ಟಿದನು. ಅವನ ಬಲಗೈಯಲ್ಲಿ ಮೂರು ಬೆರಳಿಲ್ಲ. ಆ ಚಪ್ಪಾಳೆಯ ಸಪ್ಪಳ ಕೇಳಿಯೇ ಇದನ್ನು ಬರೆಯಬೇಕಾಯಿತು.

ನಾವು ಪಂಡಿತರಲ್ಲ. ಮ್ಯಾಟ್ರಿಕ್ ಮುಗಿಸಿ ಕೆಲ ವರ್ಷ ಹುಡುಗರಿಗೆ ಕಾಗುಣಿತ ಕಲಿಸಿದವರು. ಆದರೆ ಪಾಠವನ್ನು ಅರ್ಧ ಓದಿ ಪೂರಾ ಉತ್ತರ ಬರೆಯುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಈಗ ಪಂಡಿತರನ್ನೂ ತುಸು ಹೊತ್ತು ಹಾಗೆ ನಿಲ್ಲಿಸೋಣ.

ಸೋಫೊಕ್ಲಿಸ್ ಬರೆದ ಆ ನಾಟಕವನ್ನು ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ, ಯಾರಾದರೂ ಓದಬಹುದು. ಅದರ ಪರದೆ ಏಳುವಾಗ ಕೊಲೆಯೂ ಆಗಿದೆ, ಮದುವೆಯೂ ಆಗಿದೆ, ಮಕ್ಕಳೂ ಬೆಳೆದಿವೆ. ದೈವವಾಣಿ ನುಡಿದದ್ದೆಲ್ಲ ಮುಗಿದುಹೋದ ಮಾತು. ಹಾಗಾದರೆ ನಾಟಕದಲ್ಲಿ ನಡೆಯುವದೇನು? ಥೀಬ್ಸ್ ಊರಿಗೆ ಪಿಡುಗು ಬಡಿದಿದೆ. ಹಿಂದಿನ ದೊರೆಯ ಕೊಲೆಗಾರನನ್ನು ಹೊರಗೆ ಹಾಕಿದರೆ ಊರು ಉಳಿಯುವದು ಎಂದು ಡೆಲ್ಫಿಯಿಂದ ಸುದ್ದಿ ಬಂದಿದೆ. ಯಾವನೇ ಇರಲಿ, ಹುಡುಕಿ ತೆಗೆಯುವೆನೆಂದು ಈಡಿಪಸ್ ಜನರೆದುರು ಮಾತು ಕೊಡುತ್ತಾನೆ. ಕುರುಡ ಜೋಯಿಸನು ಕೇಳಬೇಡ ಎನ್ನುತ್ತಾನೆ. ಹೆಂಡತಿ ಕೈಮುಗಿದು ಸಾಕು ಮಾಡು ಎನ್ನುತ್ತಾಳೆ. ಅವನು ನಿಲ್ಲುವದಿಲ್ಲ. ಸತ್ಯ ಹೊರಬಿದ್ದರೆ ತನ್ನ ಕುತ್ತಿಗೆಗೇ ಬರುವದೆಂದು ಸಂಶಯ ಹುಟ್ಟಿದ ಮೇಲೂ ವಿಚಾರಣೆಯನ್ನು ಮುಚ್ಚಿಹಾಕಲಿಲ್ಲ. ಇಂದಿನ ಯಾವ ಮಂತ್ರಿ ಹೀಗೆ ಮಾಡಿಯಾನು? ಕೊನೆಗೆ ತನ್ನ ಕಣ್ಣುಗಳನ್ನು ತಾನೇ ಕಿತ್ತುಕೊಂಡನು. ಯಾವ ದೇವರು ಇದನ್ನು ಮಾಡಿಸಿದನೆಂದು ಊರ ಹಿರಿಯರು ಕೇಳಿದರೆ, ದುಃಖವನ್ನು ತಂದವನು ಅಪೊಲೊ ದೇವರು, ಆದರೆ ಹೊಡೆದ ಕೈ ಮಾತ್ರ ತನ್ನದು ಎಂಬ ಅರ್ಥದ ಮಾತು ಹೇಳುತ್ತಾನೆ. ಈ ಮಾತು ನಮ್ಮ ಪಂಡಿತರ ಪುಸ್ತಕದಲ್ಲಿ ಹರಿದುಹೋಗಿತ್ತೋ ಏನೋ!

ಇನ್ನೊಬ್ಬನಿದ್ದಾನೆ. ಉಪನ್ಯಾಸದಲ್ಲಿ ಅವನ ಹೆಸರೇ ಬರಲಿಲ್ಲ. ನಾಟಕದಲ್ಲಿಯೂ ಅವನಿಗೆ ಹೆಸರಿಲ್ಲ. ಅರಮನೆಯ ಆಳು, ಕುರಿ ಕಾಯುವವನು. ದೈವವಾಣಿಗೆ ಹೆದರಿದ ರಾಜ ರಾಣಿಯರು ಕೂಸನ್ನು ಕಾಡಿನಲ್ಲಿ ಸಾಯಲು ಬಿಡೆಂದು ಇವನ ಕೈಗೆ ಕೊಟ್ಟರು. ಇವನಿಗೆ ಕನಿಕರ ಬಂತು. ಇನ್ನೊಬ್ಬ ಕುರಿಗಾರನಿಗೆ ಕೊಟ್ಟು ಕೂಸನ್ನು ಉಳಿಸಿದನು. ಆ ಕನಿಕರದಿಂದಲೇ ಮುಂದಿನ ಅನಾಹುತವಾಯಿತಲ್ಲ ಎಂದು ಪಂಡಿತರು ನಕ್ಕಾರು. ನಗಲಿ. ಎಳೆಗೂಸನ್ನು ಕೊಲ್ಲಿರೆಂದು ಯಾವ ದೈವವಾಣಿಯೂ ಹೇಳಿರಲಿಲ್ಲ. ಅದು ಅರಮನೆಯ ಅಪ್ಪಣೆ. ಅಪ್ಪಣೆಯನ್ನು ಮುರಿದವನು ಆಳು.

ಗ್ರೀಕರು ತಲೆ ಬಾಗಿದ್ದರೆಂಬ ಮಾತಿಗೂ ಅವರ ಚರಿತ್ರೆಯಲ್ಲಿಯೇ ಉತ್ತರವಿದೆ. ಕ್ರಿ. ಪೂ. 480ರಲ್ಲಿ ಪರ್ಶಿಯಾದ ಚಕ್ರವರ್ತಿ ದಂಡೆತ್ತಿ ಬಂದಾಗ ಸಾಲಮಿಸ್ ಕಡಲಿನಲ್ಲಿ ಹಡಗಿನ ಹುಟ್ಟು ಹಾಕಿ ಅವನನ್ನು ಓಡಿಸಿದವರಲ್ಲಿ ಅಥೆನ್ಸಿನ ಬಡ ನಾಗರಿಕರೇ ಬಹಳ. ಎಂಟು ವರ್ಷದ ಮೇಲೆ ಎಸ್ಕಿಲಸ್ ಅದನ್ನೇ ನಾಟಕವಾಗಿ ಆಡಿಸಿದನು. ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಇದೇ. ಅದರಲ್ಲಿ ಸತ್ತ ದೊರೆಯ ಭೂತ ಎದ್ದುಬಂದು ಮಗನನ್ನು ಬೈಯುತ್ತದೆ: ಕೇಡು ಬರುವದಿತ್ತು ನಿಜ, ಆದರೆ ಮನುಷ್ಯನು ತಾನಾಗಿ ಅದರತ್ತ ಓಡಿದರೆ ದೇವರೂ ಕೈಗೂಡಿಸುತ್ತಾನೆ ಎಂದು. ಇನ್ನೊಂದು ಸಂಗತಿ. ಆ ನಾಟಕದ ಮೇಳದ ಖರ್ಚನ್ನು ಹೊತ್ತವನು ಪೆರಿಕ್ಲಿಸ್. ಊರಿನ ಶ್ರೀಮಂತರು ಮೇಳದ ಖರ್ಚು ಕೊಡಬೇಕೆಂಬುದು ಅಲ್ಲಿಯ ಕಟ್ಟಳೆ. ನಮ್ಮಲ್ಲಿ ಜಾತ್ರೆಯ ನಾಟಕಕ್ಕೆ ಪಟ್ಟಿ ಎತ್ತುವವರು ಯಾರ ಅಂಗಡಿಗೆ ಮೊದಲು ಬರುತ್ತಾರೆಂಬುದು ಸಣ್ಣ ವ್ಯಾಪಾರಿಗಳಿಗೆ ಗೊತ್ತಿದೆ. ಅಥೆನ್ಸ್ ಸ್ವರ್ಗವಾಗಿತ್ತೆಂದು ನಾವು ಹೇಳುವದಿಲ್ಲ. ಗುಲಾಮರಿಗೂ ಹೆಂಗಸರಿಗೂ ಅಲ್ಲಿ ಮತವಿರಲಿಲ್ಲ. ಆದರೆ ಸಭೆಯಲ್ಲಿ ಕೈಯೆತ್ತಿ ಯುದ್ಧ, ಸಂಧಿ, ಕಾಯದೆ ಎಲ್ಲವನ್ನೂ ತೀರ್ಮಾನಿಸುತ್ತಿದ್ದ ಜನರನ್ನು ವಿಧಿಯ ದಾಸರೆಂದು ಕರೆಯುವದು ಸುಳ್ಳು.

ಇನ್ನು ನಮ್ಮ ರನ್ನ. ಇಲ್ಲಿಂದ ಬಹಳ ದೂರವಿಲ್ಲದ ಮುಧೋಳದವನು. ಬಳೆಗಾರರ ಮನೆಯ ಹುಡುಗ. ಅದನ್ನು ತಾನೇ ತನ್ನ 'ಅಜಿತಪುರಾಣ'ದಲ್ಲಿ ಬರೆದುಕೊಂಡಿದ್ದಾನೆ, ಮುಚ್ಚಿಟ್ಟಿಲ್ಲ. ಬಳೆಯ ಮಲಾರ ಹೊರುವದೇ ತನ್ನ ಹಣೆಯಲ್ಲಿ ಬರೆದಿದೆ ಎಂದು ಕುಳಿತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಊರು ಬಿಟ್ಟು, ತೆಂಕಣ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತನು. ಚಾವುಂಡರಾಯನ ಆಶ್ರಯ ಗಳಿಸಿದನು. 993ರಲ್ಲಿ ಅತ್ತಿಮಬ್ಬೆಗಾಗಿ ಅಜಿತಪುರಾಣವನ್ನು ಮುಗಿಸಿದನು. ಚಾಳುಕ್ಯರಿಂದ ಕವಿಚಕ್ರವರ್ತಿ ಎನಿಸಿಕೊಂಡನು. ಇಂಥವನನ್ನು ಹಣೆಬರಹದ ಸಾಕ್ಷಿಗೆ ಕರೆದರೆ ಅವನು ಯಾರ ಕಡೆ ನುಡಿದಾನು?

ಗದಾಯುದ್ಧದಲ್ಲಿ ವಿಧಿಯೆಂಬ ಮಾತೇ ಇಲ್ಲವೆಂದು ನಾವು ವಾದಿಸುವದಿಲ್ಲ. ಇದೆ. ಆದರೆ ನಡೆಯುವದನ್ನು ನೋಡಿರಿ. ತಮ್ಮಂದಿರು ಸತ್ತಿದ್ದಾರೆ, ಕರ್ಣ ಸತ್ತಿದ್ದಾನೆ. ಕುರುಡ ತಂದೆ, ಕಣ್ಣಿಗೆ ಬಟ್ಟೆ ಕಟ್ಟಿದ ತಾಯಿ ಬಂದು, ಈಗಲಾದರೂ ಸಂಧಿ ಮಾಡಿಕೋ ಮಗನೇ ಎಂದು ಬೇಡುತ್ತಾರೆ. ಬಾಗಿಲು ತೆರೆದೇ ಇದೆ. ದುರ್ಯೋಧನನು ತಾನೇ ಮುಚ್ಚಿದನು. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂದನು. ಹೆಣಗಳ ನಡುವೆ ಸಂಜಯನ ಜೊತೆಗೆ ನಡೆಯುತ್ತ, ತನ್ನವರೇ ಕೊಂದ ಅಭಿಮನ್ಯುವಿನ ಹೆಣದ ಮುಂದೆ ಕೈಮುಗಿದು ಆ ಹುಡುಗನ ಪರಾಕ್ರಮವನ್ನು ಹೊಗಳಿದನು. ಭೀಷ್ಮನ ಮಾತಿನಂತೆ ಕೊಳದಲ್ಲಿ ಅಡಗಿದವನು, ಭೀಮನ ಕೂಗು ಕೇಳಿ ನೀರಿನೊಳಗೂ ಬೆವರಿದನು, ತಡೆಯದೆ ಎದ್ದು ಬಂದನು. ಅಡಗಿಯೇ ಇರಬಹುದಾಗಿತ್ತು. ಭೀಮನನ್ನೇ ನಾಯಕನೆಂದು ಹೆಸರಿಸಿ, ಅವನನ್ನು ತನ್ನ ದೊರೆ ಸತ್ಯಾಶ್ರಯನಿಗೆ ಹೋಲಿಸಿ ಬರೆದ ಕಾವ್ಯದಲ್ಲಿ ಓದುವವರ ಮನಸ್ಸು ಈ ಸೋತವನ ಕಡೆಗೆ ಹೋಗುವದು ಅವನು ವಿಧಿಯ ಗೊಂಬೆಯೆಂದಲ್ಲ. ತನ್ನ ಕೆಲಸದ ಫಲವನ್ನು ಇನ್ನೊಬ್ಬರ ತಲೆಗೆ ಕಟ್ಟಲಿಲ್ಲವೆಂದು. ಶ್ರೀಕಂಠಯ್ಯನವರು ಇದೇ ಕಾವ್ಯದಿಂದ ರುದ್ರನಾಟಕ ಮಾಡಿದ್ದೂ ಸುಮ್ಮನೆ ಅಲ್ಲ. ಹಾಗೆಂದು ದುರ್ಯೋಧನನು ನಮ್ಮವನಲ್ಲ. ಐದು ಊರು ಕೇಳಿದವರಿಗೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದವನು ಅವನು. ಐದು ಊರು ಕೊಟ್ಟಿದ್ದರೆ ಕುರುಕ್ಷೇತ್ರವೇ ಇರಲಿಲ್ಲ. ಕೊಡದಿರೆಂದು ಯಾವ ನಕ್ಷತ್ರವೂ ಅವನಿಗೆ ಹೇಳಿರಲಿಲ್ಲ.

ಮನುಷ್ಯನ ಕೈ ಮೀರಿದ್ದು ಇಲ್ಲವೆಂದು ಯಾರೂ ಹೇಳುತ್ತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲೂಕಿನ ಊರುಗಳಿಗೆ ನುಗ್ಗಿದ್ದನ್ನು ಕಂಡವರು ನಾವು. ಮಳೆ ನಮ್ಮ ಮಾತು ಕೇಳುವದಿಲ್ಲ. ಆದರೆ ಬಿದ್ದ ಮನೆಗಳ ಪಟ್ಟಿಯನ್ನು ಬರೆಯುವವನು ಬ್ರಹ್ಮನಲ್ಲ, ಗುಮಾಸ್ತನು.

ಈಗ ಆ ಮೂರು ಬೆರಳಿನ ಮಾತು. ಗಿರಣಿಯ ಹೆಸರು ಬೇಡ, ಊರಿನ ಹೆಸರೂ ಬೇಡ. ಹಲ್ಲಿನ ಚಕ್ರದ ಮೇಲಿನ ಮುಚ್ಚಳವನ್ನು ರಿಪೇರಿಗೆಂದು ತೆಗೆದಿದ್ದರು. ಎರಡು ತಿಂಗಳು ತಿರುಗಿ ಹಾಕಲಿಲ್ಲ. ಗೆಳೆಯನು ಮೇಸ್ತ್ರಿಗೆ ಎರಡು ಸಲ ಹೇಳಿದ್ದನು. ತಿರುಗುವ ಯಂತ್ರಕ್ಕೆ ಭದ್ರವಾದ ಮರೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯದೆ ಆಗ ಜಾರಿಯಲ್ಲಿತ್ತು. ಬೆರಳು ಹೋದ ಮೂರನೆಯ ದಿನ ಮಾಲಕರ ಕಡೆಯವರು ಸ್ವಲ್ಪ ಹಣ, ಗುಡಿಯ ಪ್ರಸಾದ ತಂದುಕೊಟ್ಟು, "ಹಣೆಬರಹಪಾ, ಏನ್ ಮಾಡೂದು" ಎಂದು ಹೋದರು. ತಾಯಿಯೂ ಅದನ್ನೇ ಅಂದಳು, ಇವನೂ ಅದನ್ನೇ ನಂಬಿದನು. ಪರಿಹಾರದ ಅರ್ಜಿಗೆ ಆಗ ನಡೆಯುತ್ತಿದ್ದ 1923ರ ಕಾಯದೆಯಲ್ಲಿ 2 ವರ್ಷದ ಅವಧಿ. ನಮ್ಮ ಬಳಿ ಬಂದಾಗ 2 ವರ್ಷ 4 ತಿಂಗಳಾಗಿತ್ತು. ತಡಕ್ಕೆ ತಕ್ಕ ಕಾರಣ ಕೊಟ್ಟರೆ ಅಧಿಕಾರಿಗಳು ಅರ್ಜಿಯನ್ನು ತೆಗೆದುಕೊಳ್ಳಬಹುದಿತ್ತು. ಬರೆಯಲು ಕುಳಿತೆವು. ಕಾರಣ ಬರೆಯಬೇಕಾದ ಕಡೆ ಬಂದಾಗ ಅವನು ಕೇಳಿದನು: "ಇಲ್ಲಿ ಏನ್ ಬರೀತೀರಿ ಮಾಸ್ತರ? ಹಣೆಬರಹ ಅಂತ ಬರದ್ರ ನಡೀತದೇನ್ರಿ?"

ಪಂಡಿತರು ಮತ್ತೊಮ್ಮೆ ಸಮೀರವಾಡಿಗೆ ಬರುವರೆಂದು ಕೇಳಿದ್ದೇವೆ. ಬರಲಿ, ಗದಾಯುದ್ಧವನ್ನು ಕೈಯಲ್ಲಿ ಹಿಡಿದುಕೊಂಡೇ ಬರಲಿ. ಮುಂದಿನ ಸಾಲಿನಲ್ಲಿ ನಮ್ಮ ಗೆಳೆಯನ ಜೊತೆಗೆ ನಾವು ಕೂಡುವೆವು. ಆ ಅರ್ಜಿಯ ಪ್ರತಿಯೂ ನಮ್ಮ ಚೀಲದಲ್ಲಿರುವದು. ಆ ಸಾಲಿನಲ್ಲಿ ಏನು ಬರೆಯಬೇಕಾಗಿತ್ತೆಂಬುದನ್ನು ಅವರು ಜನರೆದುರೇ ಹೇಳಲಿ.