ಟೈರ್ ನೋಡದೆ ಹಿಮಕ್ಕಿಳಿದ ಮೆಕ್ಯಾನಿಕಲ್‌ನವರು

ನಮ್ಮಲ್ಲಿ ಇಂಡಸ್ಟ್ರಿಯಲ್ ವಿಸಿಟ್ ಅಂದ್ರೆ ಒಂದು ದಿನ ಫ್ಯಾಕ್ಟರಿ, ನಾಲ್ಕು ದಿನ ಮನಾಲಿ. ಇದು ಎಚ್‌ಓಡಿಯವರಿಗೂ ಗೊತ್ತಿರೋ ಗುಟ್ಟು. ಕಳೆದ ಚಳಿಗಾಲ ನಾವೂ ಹೋಗಿದ್ವಿ. ಮನಾಲಿಯಿಂದ ಸ್ವಲ್ಪ ಮೇಲಿರುವ ಸೋಲಂಗ್ ಕಣಿವೆಯಲ್ಲಿ ಬಾಡಿಗೆಗೆ ಎಟಿವಿ ತಗೊಂಡ್ವಿ. ಚೌಕಾಸಿ ಮಾಡಿದ್ವಿ, ಬಣ್ಣ ನೋಡಿ ಗಾಡಿ ಆರಿಸಿಕೊಂಡ್ವಿ, ಫೋಟೊ ತೆಗೆಸಿಕೊಂಡ್ವಿ. ಸಂಜೆ ನಾಲ್ಕೂವರೆ ಇರಬಹುದು, ಬಿಸಿಲು ಗುಡ್ಡದ ಹಿಂದೆ ಸರಿದಿತ್ತು. ಇಳಿಜಾರಿನಲ್ಲಿ ನಮ್ಮ ಗೆಳೆಯನೊಬ್ಬ ಬ್ರೇಕ್ ಹಿಡಿದ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಅಡ್ಡಡ್ಡ ಜಾರಿಕೊಂಡು ಹೋಗಿ ಬೇಲಿಯ ಕಂಬಕ್ಕೆ ಬಡಿದ. ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಲಗೈ ಚೆನ್ನಾಗಿದ್ದದ್ದರಿಂದ ಇಂಟರ್ನಲ್ಸ್ ತಪ್ಪಲಿಲ್ಲ ಅನ್ನೋದು ಅವನ ಇನ್ನೊಂದು ಬೇಜಾರು.

ಊರಿಗೆ ಬಂದಮೇಲೆ ಎಲ್ಲರೂ ಅವನಿಗೇ ಬೈದ್ವಿ, "ನಿಂಗೆ ಓಡ್ಸೋಕ್ ಬರಲ್ಲ" ಅಂತ. ಒಂದು ದಿನ ಹಾಸ್ಟೆಲಲ್ಲಿ ಅದೇ ಗ್ರೂಪ್ ಫೋಟೊ ಜೂಮ್ ಮಾಡಿದಾಗ ಹಿಂದಿನ ಟೈರ್ ಕಾಣಿಸಿತು. ಕೆಸರಿಗೆ ಮಾಡಿದ ಟೈರು, ಅದೂ ಲಗ್‌ಗಳ ಅಂಚೆಲ್ಲ ಸವೆದು ಉರುಟಾಗಿ ಹೋಗಿದ್ದು. ಬಾಡಿಗೆಗೆ ಕೊಟ್ಟವರ ತಪ್ಪು ಹೌದು. ಆದರೆ ಅಲ್ಲಿ ನಿಂತಿದ್ದ ನಾವು ಹನ್ನೊಂದು ಜನ ಮೆಕ್ಯಾನಿಕಲ್‌ನವರು. ಘರ್ಷಣೆಯ ನಿಯಮ ನಿದ್ದೆಯಲ್ಲಿ ಕೇಳಿದರೂ ಹೇಳ್ತೀವಿ. ಒಬ್ಬರೂ ಬಗ್ಗಿ ಟೈರ್ ನೋಡಲಿಲ್ಲ.

ಲೆಕ್ಕ ಆಮೇಲೆ ಹಾಕಿದ್ವಿ. ಒಣ ಡಾಂಬರಿನ ಮೇಲೆ ಮ್ಯೂ ಸುಮಾರು 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ನುಣುಪು ಮಂಜುಗಡ್ಡೆಯ ಮೇಲೆ 0.1ರ ಆಸುಪಾಸು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದರೆ ಡಾಂಬರಿನಲ್ಲಿ ನಾಲ್ಕೂವರೆ ಮೀಟರಿನೊಳಗೆ ನಿಲ್ಲುವ ಗಾಡಿ ಮಂಜುಗಡ್ಡೆಯ ಮೇಲೆ 35 ಮೀಟರ್ ಹೋಗುತ್ತದೆ. ಅದೂ ಸಮತಟ್ಟಾದ ನೆಲದಲ್ಲಿ. ಇಳಿಜಾರಾದರೆ ಕೇಳಲೇಬೇಡಿ. ಗೆಳೆಯನಿಗೂ ಆ ಕಂಬಕ್ಕೂ ನಡುವೆ ಇದ್ದದ್ದು ಹೆಚ್ಚೆಂದರೆ ಹದಿನೈದು ಮೀಟರ್.

ನಮ್ಮ ಅಭಿಪ್ರಾಯ ಇಷ್ಟು: ಹಿಮಕ್ಕೆ ಟೈರ್ ಆರಿಸುವಾಗ ನಾವೆಲ್ಲ ಕೇಳುವ ಪ್ರಶ್ನೆಯೇ ತಪ್ಪು. "ಯಾವ ಟೈರ್ ಒಳ್ಳೇದು?" ಅಂತ ಕೇಳ್ತೀವಿ. ಯಾವ ಹಿಮ, ಎಷ್ಟು ಆಳ, ಯಾವ ಹೊತ್ತು ಅಂತ ಮೊದಲು ಕೇಳಬೇಕು. ನಮ್ಮೂರಲ್ಲಿ ಮಣ್ಣು ಒಂದೇ ಅಲ್ಲವಲ್ಲ. ಗದ್ದೆಗೆ ಇಳಿಯುವ ಟಿಲ್ಲರಿಗೆ ಕಬ್ಬಿಣದ ಚಕ್ರ ಹಾಕ್ತಾರೆ, ಅದನ್ನೇ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಊರವರು ಬೈತಾರೆ. ಹಿಮವೂ ಹಾಗೇ.

ಹೊಸದಾಗಿ ಬಿದ್ದ, ಹತ್ತಿಯಂಥ ಆಳದ ಹಿಮ ಇದೆ ಅಂತಿಟ್ಟುಕೊಳ್ಳಿ. ಅಲ್ಲಿ ಅಗಲ ಟೈರು, ಕಡಿಮೆ ಗಾಳಿ. ಭಾರ ಹರಡಿ ಗಾಡಿ ಮೇಲೆಯೇ ಉಳಿಯಬೇಕು. ದೊಡ್ಡ ಲಗ್‌ಗಳ ಕೆಸರು ಟೈರ್ ಇಲ್ಲಿ ಆಕ್ಸಿಲರೇಟರ್ ಕೊಟ್ಟಷ್ಟೂ ಕೆಳಗೆ ತೋಡುತ್ತದೆ. ಕೊನೆಗೆ ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತು ನಾಲ್ಕೂ ಚಕ್ರ ಸುಮ್ಮನೆ ತಿರುಗುತ್ತವೆ. ಅದೇ ನಾಲ್ಕೈದು ಇಂಚು ಒದ್ದೆ ಹಿಮ, ಕೆಳಗೆ ಗಟ್ಟಿ ನೆಲ ಇದ್ದರೆ ಲೆಕ್ಕ ಉಲ್ಟಾ. ಕಿರಿದಾದ ಟೈರ್ ಹಿಮ ಸೀಳಿಕೊಂಡು ನೆಲ ಮುಟ್ಟುತ್ತದೆ, ಅಗಲದ್ದು ಮೇಲೆ ತೇಲಿ ಜಾರುತ್ತದೆ. "ಅಗಲ ಇದ್ದಷ್ಟೂ ಗ್ರಿಪ್" ಅಂತ ಗ್ಯಾರೇಜಿನಲ್ಲಿ ಹೇಳುವವರ ಮಾತು ಅರ್ಧ ಮಾತ್ರ ನಿಜ.

ಇನ್ನು ತುಳಿದು ಗಟ್ಟಿಯಾದ ಹಿಮ. ಪ್ರವಾಸಿಗರು ಓಡಾಡುವ ಕಡೆ ಹೆಚ್ಚಾಗಿ ಇರೋದು ಇದೇ. ಇಲ್ಲಿ ಬೇಕಾದದ್ದು ಲಗ್‌ನ ಎತ್ತರಕ್ಕಿಂತ ಅಂಚುಗಳ ಸಂಖ್ಯೆ. ಬ್ಲಾಕ್‌ಗಳ ಮೇಲೆ ಬ್ಲೇಡಿನಿಂದ ಕೊಯ್ದ ಹಾಗೆ ಸಣ್ಣ ಸೀಳುಗಳಿರ್ತವಲ್ಲ, ಸೈಪ್ ಅಂತಾರೆ, ಅವು ಹಿಮವನ್ನು ಕಚ್ಚುತ್ತವೆ. ತೋಡುಗಳಲ್ಲಿ ಸ್ವಲ್ಪ ಹಿಮ ತುಂಬಿಕೊಂಡರೂ ಪರವಾಗಿಲ್ಲ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ, ಉಂಡೆ ಕಟ್ಟಿ ನೋಡಿದವರಿಗೆ ಗೊತ್ತು. ರಬ್ಬರೂ ಮುಖ್ಯ. ಚಳಿಗೆ ಸಾಮಾನ್ಯ ರಬ್ಬರ್ ಬಿರುಸಾಗುತ್ತದೆ, ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಉಳಿಯುವ ಹಾಗೆ ಮಾಡಿರ್ತಾರೆ. ಉಗುರು ಒತ್ತಿ ನೋಡಿದರೂ ಅಂದಾಜು ಸಿಗುತ್ತದೆ. ಇಲ್ಲಿ ಒಂದು ಮಾತು: ಟೈರಿನ ಪಕ್ಕದಲ್ಲಿ "ಎಂ ಪ್ಲಸ್ ಎಸ್" ಅಂತಿದ್ದರೆ ಹಿಗ್ಗಬೇಡಿ. ಅದು ಟ್ರೆಡ್‌ನ ಆಕಾರ ನೋಡಿ ಹಾಕುವ ಗುರುತು. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವಿನ ಚಿತ್ರ ಇದ್ದರೆ ಮಾತ್ರ ಹಿಮದ ಮೇಲೆ ಪರೀಕ್ಷೆ ಆಗಿದೆ ಅಂತ ಅರ್ಥ.

ಕೊನೆಯದು ಮಂಜುಗಡ್ಡೆ. ಮಧ್ಯಾಹ್ನ ಕರಗಿ ನೀರಾದದ್ದು ಬಿಸಿಲು ಹೋದ ಕೂಡಲೇ ಗಾಜಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಆರಾಮಾಗಿ ಓಡಿದ ಅದೇ ದಾರಿ, ಅದೇ ಟೈರು, ಸಂಜೆ ನಾಲ್ಕೂವರೆಗೆ ಬೇರೆಯೇ. ಇಲ್ಲಿ ಬರೀ ರಬ್ಬರಿನಿಂದ ಹೆಚ್ಚೇನೂ ಆಗಲ್ಲ, ಲೋಹ ಬೇಕು: ಸ್ಟಡ್ ಅಥವಾ ಚೈನು. ನಮ್ಮ ತೀರ್ಥಹಳ್ಳಿ ಕಡೆಯ ಗೆಳತಿ ಇದನ್ನು ಕೇಳಿ ನಕ್ಕಳು, "ಮಳೆಗಾಲದಲ್ಲಿ ನಮ್ಮೂರ ಜೀಪಿಗೆ ಚೈನ್ ಕಟ್ತಾರಲ್ಲ ಮಾರಾಯ್ರೆ, ಇದರಲ್ಲಿ ಹೊಸದೇನು?" ಹೊಸದೇನಿಲ್ಲ. ಆದರೆ ಎಟಿವಿಯಲ್ಲಿ ಟೈರಿಗೂ ಸಸ್ಪೆನ್ಶನ್‌ಗೂ ನಡುವೆ ಜಾಗ ಕಮ್ಮಿ, ಸಡಿಲ ಚೈನು ಬ್ರೇಕ್ ಪೈಪನ್ನೇ ಹರಿಯಬಹುದು. ಹಿಂದೆ ಮಾತ್ರ ಕಟ್ಟಿದರೆ ಗಾಡಿ ಮುಂದಕ್ಕೇನೋ ಹೋಗುತ್ತದೆ, ತಿರುಗಲ್ಲ. "ಫೋರ್ ಬೈ ಫೋರ್ ಇದೆಯಲ್ಲ" ಅಂತ ನಂಬಿದವರಿಗೂ ಒಂದು ಮಾತು: ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇರೋದು.

ಟೈರಿಗಿಂತ ಹೆಚ್ಚು ನಮ್ಮನ್ನು ನಾಚಿಸಿದ್ದು ಗಾಳಿ. ಬೈಕಿಗೆ ನಾವು ಮೂವತ್ತರ ಹತ್ತಿರ ಪಿಎಸ್‌ಐ ಹಾಕಿಸ್ತೀವಿ. ಎಟಿವಿಗೆ ಬೇಕಾದದ್ದು ಸಾಮಾನ್ಯವಾಗಿ ನಾಲ್ಕರಿಂದ ಏಳು. ಪಂಚರ್ ಅಂಗಡಿಯ ಗೇಜಿನಲ್ಲಿ ಈ ವ್ಯತ್ಯಾಸ ಮುಳ್ಳಿನ ನಡುಕದಷ್ಟೇ. ಈಗ ಪಿಯುಸಿಯ ಗ್ಯಾಸ್ ನಿಯಮ ನೆನಪಿಸಿಕೊಳ್ಳಿ. ಸಮುದ್ರಮಟ್ಟದ ಲೆಕ್ಕ ಹಿಡಿಯೋಣ. ಬೆಚ್ಚಗಿನ ಶೆಡ್ಡಿನಲ್ಲಿ 20 ಡಿಗ್ರಿಯಲ್ಲಿ 5 ಪಿಎಸ್‌ಐ ಹಾಕಿ, ಹೊರಗೆ ಮೈನಸ್ 10ರಲ್ಲಿ ಓಡಿಸಿದರೆ ಉಳಿಯೋದು ಸುಮಾರು 3. ಗೇಜ್ ತೋರಿಸುವ 5ಕ್ಕೆ ವಾತಾವರಣದ 14.7 ಕೂಡಿಸಿ ಲೆಕ್ಕ ಹಾಕಬೇಕು, ಅದನ್ನು ಮರೆತರೆ ಉತ್ತರ ತಪ್ಪು. (ನಮ್ಮಲ್ಲಿ ಆರು ಜನ ಮರೆತರು.) ಗಾಳಿ ಅಷ್ಟು ಇಳಿದರೆ ತಿರುವಿನಲ್ಲಿ ಟೈರಿನ ಅಂಚು ರಿಮ್‌ನಿಂದ ಕಳಚಿಕೊಳ್ಳಬಹುದು. ಆದ್ದರಿಂದ ಹೊರಗಿನ ಚಳಿಯಲ್ಲಿ ಗಾಡಿ ನಿಲ್ಲಿಸಿ, ಟೈರ್ ತಣಿದ ಮೇಲೆಯೇ ಗಾಳಿ ನೋಡಬೇಕು.

ಇದನ್ನೆಲ್ಲ ಬಾಹಾ ಟೀಮಿನವರಿಗೂ ಹೇಳ್ತಿದ್ದೀವಿ, ಕೋಪ ಮಾಡ್ಕೋಬೇಡಿ. ಪೀಥಮ್‌ಪುರದ ಮಣ್ಣು, ಕಲ್ಲಿಗೆ ಹಿಮದ ಟೈರ್ ಬೇಡ, ಒಪ್ತೀವಿ. ಆದರೆ ವರ್ಕ್‌ಶಾಪಲ್ಲಿ ಚಾಸಿಗೆ ಮೂರು ತಿಂಗಳು ಸಿಮ್ಯುಲೇಶನ್, ಟೈರಿಗೆ ಮೂರು ನಿಮಿಷ. "ಅಣ್ಣ, ಹೋದ ವರ್ಷದ್ದೇ ಹಾಕೋಣ, ನೋಡೋಕೆ ಗತ್ತಾಗಿದೆ" ಅಂತ ಮುಗಿಸ್ತೀವಿ. ಅಮೆರಿಕದ ಮಿಶಿಗನ್ ಟೆಕ್‌ನಲ್ಲಿ ಇದೇ ಬಾಹಾ ಗಾಡಿಗಳನ್ನು ಹಿಮದ ಮೇಲೆ ಓಡಿಸುವ ವಿಂಟರ್ ಬಾಹಾ ನಡೆಯುತ್ತದೆ. ಮಣ್ಣಿಗೆಂದು ಆರಿಸಿದ ಟೈರನ್ನೇ ಅಲ್ಲಿಗೂ ಒಯ್ದರೆ ಏನಾಗುತ್ತದೆ ಅನ್ನೋದಕ್ಕೆ ಅವನ ಮಣಿಕಟ್ಟಿನ ಎಕ್ಸ್‌ರೇ ನಮ್ಮ ಹತ್ತಿರ ಇದೆ.

ಈ ಜನವರಿಯಲ್ಲಿ ಜೂನಿಯರ್‌ಗಳು ಹೊರಡ್ತಿದ್ದಾರಂತೆ. ಬಾಡಿಗೆ ಗಾಡಿಯ ಟೈರ್ ಬದಲಾಯಿಸಿ ಅಂತ ಯಾರೂ ಹೇಳೋಕಾಗಲ್ಲ. ಆದರೆ ಬಗ್ಗಿ ನೋಡಬಹುದು. ಸೈಪ್ ಇದೆಯಾ, ಅಂಚು ಉಳಿದಿದೆಯಾ, ನಾಲ್ಕೂ ಒಂದೇ ಥರ ಇವೆಯಾ ಅಂತ ಕೇಳಬಹುದು. ಸರಿ ಇಲ್ಲದಿದ್ದರೆ ಬೇರೆ ಗಾಡಿ ಕೇಳಿ. ಇಲ್ಲ ಅಂದರೆ ಚಹಾ ಕುಡಿದು ವಾಪಸ್ ಬನ್ನಿ. ಬಿಸಿಲಿಳಿದ ಮೇಲೆ ಇಳಿಜಾರಿಗೆ ಹೋಗಲೇಬೇಡಿ. ಸೊನ್ನೆಯಿಂದ ಹತ್ತು ಪಿಎಸ್‌ಐವರೆಗೆ ಅಳೆಯುವ ಗೇಜ್ ಒಂದನ್ನು ನಾವು ಚಂದಾ ಹಾಕಿ ತಂದಿದ್ದೀವಿ. ಕ್ಲಬ್ ರೂಮಿನ ಕಪಾಟಿನಲ್ಲಿ, ನಾಟಕದ ಮೀಸೆಗಳ ಡಬ್ಬಿ ಪಕ್ಕ ಇದೆ. ತಗೊಂಡು ಹೋಗಿ, ರಿಜಿಸ್ಟರಲ್ಲಿ ಹೆಸರು ಬರೆದಿಡಿ.